ಬ್ಯಾಟರಿಯಿಲ್ಲದ ಟೆಸ್ಟರಿನ ಸಾಕ್ಷಿ

ರೀ,

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ನಿನ್ನೆ ನೀವು, "ದೋಣಿ ಮೋಟಾರಿಗೆ ಕಿಡಿ ಕೊಡೋ ಕಾಯಿಲ್ ಸತ್ತೋಗಿದೆ ಕಣೇ, ನಿಮ್ಮಪ್ಪನ ಹಳೇ ಟೆಸ್ಟರಲ್ಲೇ ನೋಡ್ದೆ, ಮುಳ್ಳು ಅಲ್ಲಾಡ್ಲೇ ಇಲ್ಲ" ಅಂದಿರಿ. ಹೇಗೆ ಅಲ್ಲಾಡೀತು? ಬ್ಯಾಟರಿ ಸೋರುತ್ತಿದೆಯೆಂದು ಹೋದ ವರ್ಷವೇ ನಾನು ಅದನ್ನು ತೆಗೆದು ಬಿಸಾಡಿದ್ದೆ. ಟೆಸ್ಟರಿನ ಮುಚ್ಚಳದ ಧೂಳಿನ ಮೇಲೆ ನಿಮ್ಮ ಬೆರಳಿನ ಗುರುತೂ ಇರಲಿಲ್ಲ.

ಬೆಳಿಗ್ಗೆ ಅದಕ್ಕೆ ಹೊಸ ಆರು ವೋಲ್ಟಿನ ಬ್ಯಾಟರಿ ಹಾಕಿ ಕಾಯಿಲನ್ನು ನಾನೇ ನೋಡಿದೆ. ಮುಳ್ಳೂ ಎದ್ದಿತು, ಕಿಡಿಯೂ ನೀಲಿಯಾಗಿ ಚಟಚಟನೆ ಹಾರಿತು. ಟೆಸ್ಟರ್ ಮೇಜಿನ ಮೇಲಿದೆ, ಅನುಮಾನವಿದ್ದರೆ ನೋಡಿಕೊಳ್ಳಿ. ಕಾರಿನ ಬ್ಯಾಟರಿಗೆ ಮಾತ್ರ ಸಿಕ್ಕಿಸಬೇಡಿ, ಹನ್ನೆರಡು ವೋಲ್ಟಿಗೆ ಸುಟ್ಟುಹೋಗುತ್ತದೆ.

ಆಚೆ ದಡದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ದಿನದಿಂದ ಆ ಮೋಟಾರಿಗೆ ಒಂದಲ್ಲ ಒಂದು ರೋಗ. ಮೊದಲು ಪಂಪು, ಆಮೇಲೆ ಪ್ರೊಪೆಲ್ಲರು, ಈಗ ಕಾಯಿಲ್. ನಾನು ಹೋಗುವುದು ಬೇಡವೆಂದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ನಿಮಗಿರುವುದು ನಾನು ಮುಳುಗುತ್ತೇನೆಂಬ ಭಯವೋ, ದಡ ಸೇರುತ್ತೇನೆಂಬ ಭಯವೋ?

ಆ ಸತ್ತ ಕಾಯಿಲ್ ನಂಬಿಕೊಂಡೇ ಹೊರಟಿದ್ದೇನೆ. ಸಂಜೆ ಐದಕ್ಕೆ ಹೊಳೆಯ ಮೇಲೆ ಮೋಟಾರಿನ ಸದ್ದು ಕೇಳಿದರೆ ಕಟ್ಟೆಗೆ ಬಂದು ಹಗ್ಗ ಹಿಡಿಯಿರಿ. ಬರುವಾಗ ಉತ್ತರವನ್ನೂ ತನ್ನಿ.