ಅರ್ಧ ವ್ಯಾಟಿನ ದನಿ

ದೇವದುರ್ಗ
ಮಂಗಳವಾರ ಮುಂಜಾನೆ

ಖಲೀಲ್ ಉಸ್ತಾದರಿಗೆ ಹುಲಿಗೇಶನ ನಮಸ್ಕಾರ್ರೀ.

ನೀವು ಫೋನ್ ಎತ್ತವಲ್ರಿ, ಅದಕ್ಕ ರಾಯಚೂರು ಬಸ್ಸಿನ ಕಂಡಕ್ಟರ್ ಕೈಯಾಗ ಈ ಪತ್ರ ಕಳಸಾಕತ್ತೀನಿ. ದೂರದವರ ಕೂಡ ಮಾತಾಡಾಕ ನಾ ಕಟ್ಟಿದ ಹ್ಯಾಮ್ ರೇಡಿಯೋ ಐದು ವ್ಯಾಟ್ ಕೊಡಬೇಕು, ಅರ್ಧ ವ್ಯಾಟಿನ ಮ್ಯಾಲ ಏರವಲ್ದು. ಜೋರು ಎಷ್ಟದ ನೋಡಾಕ ಆಂಟೆನಾ ಬದಲು ಬಲ್ಬ್ ಹಚ್ಚಿದ್ರ ಬೀಡಿ ತುದಿಯಂಗ ಮಿಣಕತದ. ಬ್ಯಾಟರಿ ಬದಲಿಸಿದೆ, ಕಾಯಿಲ್ ಮೂರು ಸಲ ಸುತ್ತಿದೆ.

ಖರೇ ಹೇಳ್ತೀನಿ. "ಆಂಟೆನಾ ಇಲ್ದ ಬಟನ್ ಒತ್ತಬ್ಯಾಡಲೇ, ಟ್ರಾನ್ಸಿಸ್ಟರ್ ಸುಡ್ತದ" ಅಂದಿದ್ರಿ. ಹ್ವಾದ ತಿಂಗಳು ಕಲ್ಯಾಣಿ ಅಕ್ಕ ಮನಿಗೆ ಬಂದಾಗ ಆಕಿ ಮುಂದ ಶಾಣ್ಯಾತನ ತೋರಸಾಕ ಹೋಗಿ ಒತ್ತಿಬಿಟ್ಟೆ, ಸುಟ್ಟೇ ಹೋತು. ಈಗ ಹಳೇ ಇನ್ವರ್ಟರಿಂದ ಕಿತ್ತ ಟ್ರಾನ್ಸಿಸ್ಟರ್ ಹಾಕೀನಿ, ಅದಕ್ಕ ಜೋರು ಸಾಲವಲ್ದು.

ಅಕ್ಕ ಕೃಷ್ಣಾ ನಡುಗಡ್ಡ್ಯಾಗ ಸಿಕ್ಕೊಂಡಾಳ, ಎಂಟು ತಿಂಗಳ ಬಸುರಿ. ಹೊಳಿ ಏರ್ಯಾದ, ಮೊಬೈಲ್ ಹತ್ತವಲ್ದು. ನಾ ಮಾಡಿಕೊಟ್ಟ ಬರೇ ಕೇಳೋ ರೇಡಿಯೋ ಒಂದೇ ಆಕಿ ಹತ್ರ ಅದ, ಅದರಾಗ ತಿರುಗಿ ಮಾತಾಡಾಕ ಬರಂಗಿಲ್ಲ, ದಿನಾ ಸಂಜಿ ಆರಕ್ಕ ಹಚ್ಚತಾಳ. ನಾಳೆ ಮುಂಜಾನೆ ಬೋಟ್ ಬರ್ತದ, ಮೂಡಣ ದಂಡಿಗೆ ಬಂದು ನಿಂದರಬೇಕು ಅಂತ ಆಕಿಗೆ ತಿಳಸಬೇಕು.

"ಉಸ್ತಾದರ ಸೆಟ್ಟಿಗಿಂತ ನಂದು ಜೋರು" ಅಂತ ನಿಮ್ಮ ಅಂಗಡ್ಯಾಗ ಎಲ್ಲರ ಮುಂದ ಜಂಬ ಕೊಚ್ಚಿದ್ದೆ. ತಪ್ಪಾತ್ರಿ. ನನ್ನ ಸೆಟ್ ರಿಪೇರಿ ಬ್ಯಾಡ. ಇವತ್ತು ಆರಕ್ಕ ನಿಮ್ಮ ಸೆಟ್ಟಿನಿಂದ ನೀವೇ ಹೇಳ್ರಿ. ಮೊದಲು "ಲೇ ಮಂಗ್ಯಾ ಹುಲಿಗ್ಯಾ" ಅಂತ ನನ್ನ ಬೈರಿ. ನೀವು ಹಂಗ ಬೈಯೋದು ಆಕಿ ಭಾಳ ಸಲ ಕೇಳ್ಯಾಳ, ಆಗ ಇದು ಉಸ್ತಾದರ ದನಿನ ಅಂತ ನಂಬ್ತಾಳ.

ನನ್ನ ಸೆಟ್ಟಿನ್ಯಾಗ ಕೇಳಾಕರೇ ಬರ್ತದ. ನಾನೂ ಕುಂತಿರ್ತೀನಿ.

ನಿಮ್ಮ ಮಂಗ್ಯಾ,
ಹುಲಿಗೇಶ