ಮಸ್ತಾನನೋ ಕಮರೋ

ಕಡೂರು
೧೨ ನವೆಂಬರ್ ೨೦೨೫, ಬುಧವಾರ ಮಧ್ಯಾಹ್ನ

ನನ್ನ ಮುಂಗೋಪಿ ತಮ್ಮ ರುದ್ರಮೂರ್ತಿಗೆ,

ಹೇಗಿದ್ದೀಯಪ್ಪಾ? ಜ್ವರ ಇಳಿಯಿತೇ? ಶಿವಮೊಗ್ಗದ ಆಸ್ಪತ್ರೆಯ ಸಪ್ಪೆ ಗಂಜಿ ಬಾಯಿಗೆ ಹತ್ತಿತೇ, ಇಲ್ಲ ಉಪ್ಪಿನಕಾಯಿಗಾಗಿ ನರ್ಸಮ್ಮನ ಜೊತೆ ಈಗಲೂ ಜಗಳವೇ? ತೊಡೆಯ ಹೊಲಿಗೆ ಬಿಚ್ಚಿದರೆಂದು ಭವ್ಯ ಹೇಳಿದಳು. ನಿನ್ನ ಮಂಚದ ಪಕ್ಕ ಕೂತು ಕೂತು ಅವಳು ಸೊರಗಿದ್ದಾಳೆ. ಕಟ್ಟಿಕೊಂಡ ಹೆಂಡತಿ ಎಂಬ ಕಾರಣಕ್ಕಾದರೂ ಅವಳ ಮೇಲೆ ರೇಗುವುದನ್ನು ಕೊಂಚ ಕಡಿಮೆ ಮಾಡು. ಯಗಟಿ ರಸ್ತೆಯಲ್ಲಿ ನಿನ್ನ ಬೈಕಿಗೆ ಅಡ್ಡ ಬಂದ ಕುರಿಗಳೆಲ್ಲ ಕ್ಷೇಮ. ಅವುಗಳ ಯಜಮಾನ ಲಕ್ಕಣ್ಣ ಆಗಾಗ ಬಂದು, 'ಅಣ್ಣಾರು ಎದ್ ಬಂದ್ಮೇಲೆ ನಂಗೆ ಹೊಡೀತಾರೇನಕ್ಕಾ?' ಎಂದು ವಿಚಾರಿಸಿಕೊಂಡು ಹೋಗುತ್ತಾನೆ. 'ಎದ್ದು ಬರ್ಲಿ ಇರಪ್ಪ ಮೊದ್ಲು' ಎನ್ನುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಹಲೋ ಎಂದಮೇಲೆ ಬೇರೆಯವರಿಗೆ ಮಾತಾಡಲು ಜಾಗ ಸಿಗುವುದಿಲ್ಲ. ಕಾಗದದ ನಡುವೆ ನೀನು ಬಾಯಿ ಹಾಕಲಾರೆ. ಹೇಳಬೇಕಾದ್ದು ಎರಡಿದೆ ರುದ್ರಾ. ಒಂದು ಕಾರಿನದು. ಇನ್ನೊಂದನ್ನು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅದಕ್ಕೇ ಕಾರಿನಿಂದ ಶುರು ಮಾಡುತ್ತೇನೆ. ಸಹನೆ ಎಂಬ ಪದಾರ್ಥ ಆ ವಾರ್ಡಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಕಡ ತೆಗೆದುಕೊಂಡು ಓದು.

ಹೆದ್ದಾರಿ ಅಗಲ ಮಾಡುವವರು ನಮ್ಮ ಶೆಡ್ಡಿನ ನಟ್ಟನಡುವೆ ಕೆಂಪು ಗೆರೆ ಎಳೆದಿದ್ದಾರಲ್ಲ, ನಾಳೆ ಬೆಳಿಗ್ಗೆ ಅಲ್ಲಿಗೆ ಜೆಸಿಬಿ ಬರುತ್ತದೆ. ಉಳಿಯುವ ಅರ್ಧದಲ್ಲಿ ಹಿಡಿಯುವುದು ಒಂದೇ ಕಾರು. ಇನ್ನೊಂದನ್ನು ಮದುವೆ ಮೆರವಣಿಗೆಗಳಿಗೆ ಬಿಡುತ್ತೇನೆಂದು ತರೀಕೆರೆಯ ರೇಣುಕಪ್ರಸಾದ್ ಇವತ್ತೇ ಲಾರಿ ತರುತ್ತಾನೆ. ನಿನ್ನ ತೀರ್ಪು ಮಂಚದ ಮೇಲಿನಿಂದಲೇ ಹೊರಟು ಬಂದಿದೆ: ಕಮರು ಹೋಗಲಿ, ಮಸ್ತಾನ್ ಇರಲಿ. ಅಮೆರಿಕದವರು ಎಂಥ ಗಳಿಗೆಯಲ್ಲಿ ನಾಮಕರಣ ಮಾಡಿದ್ದರೋ, ಅರವತ್ತೆಂಟರ ಮಸ್ಟಾಂಗ್ ಕಡೂರಿಗೆ ಬಂದು ನಮ್ಮ ಮೆಕ್ಯಾನಿಕ್ ರಹೀಮ್ ಭಾಯ್ ಬಾಯಲ್ಲಿ ಮಸ್ತಾನ್ ಆಯಿತು, ಅರವತ್ತೊಂಬತ್ತರ ಕಮಾರೊ ಇಡೀ ಬೀದಿಯ ಬಾಯಲ್ಲಿ ಕಮರು ಆಯಿತು. ಆಯಿಲ್ ಸುಟ್ಟ ವಾಸನೆಯನ್ನು ಮುಂದೆ ಕಳಿಸಿ ತಾನು ಹಿಂದೆ ಬರುವ ಗಾಡಿಗೆ ಅದಕ್ಕಿಂತ ಒಪ್ಪುವ ಹೆಸರು ಅದನ್ನು ಮಾಡಿದವರಿಗೂ ಹೊಳೆದಿರಲಾರದು. ಮದ್ರಾಸಿನ ಯಾವುದೋ ಸಿನಿಮಾ ಕಂಪನಿ ಮುಚ್ಚಿದಾಗ ನೀನು ಎರಡನ್ನೂ ಲಾರಿಗೆ ಹೇರಿಕೊಂಡು ಬಂದೆಯಲ್ಲ, ಅವತ್ತು ಅಮ್ಮ ಆರತಿ ತಟ್ಟೆ ಹಿಡಿದು ಬಂದು ಸೊಸೆ ಎಲ್ಲಿ ಎಂದು ಲಾರಿಯೊಳಗೆಲ್ಲ ಹುಡುಕಿದ್ದಳು. ಭವ್ಯ ಈ ಮನೆಗೆ ಬಂದದ್ದು ಮೂರನೆಯವಳಾಗಿ.

ಮಸ್ತಾನ್ ಕೆಂಪಗೆ, ನೋಡಿದವರ ಕಣ್ಣು ಬೀಳುವ ಹಾಗಿದೆ. ಕಮರಿನ ಹಸಿರು ಹಳೇ ಪಾಚಿಯದು. ಆದರೆ ನೀನು ಮಸ್ತಾನ್ ಬೇಕೆನ್ನುವುದು ಬಣ್ಣಕ್ಕಲ್ಲ ಎಂದು ನನಗೆ ಗೊತ್ತು. ಅದರ ಗೇರು, ಅದರ ಬಿಗಿ ಕ್ಲಚ್ಚು, ಅದನ್ನು ಎಡಗಾಲಲ್ಲಿ ತುಳಿದು ಬಿಡುವಾಗ ನಿನ್ನ ಮುಖದ ಮೇಲೆ ಬರುವ ದೊರೆತನ! ಕಮರು ಆಟೋಮ್ಯಾಟಿಕ್. ಅದಕ್ಕೆ ಕ್ಲಚ್ಚೇ ಇಲ್ಲ, ಬಲಗಾಲೊಂದಿದ್ದರೆ ಸಾಕು. 'ಅದು ಮಿಕ್ಸಿ ಇದ್ದಂಗೆ ಕಣಕ್ಕಾ, ಸ್ವಿಚ್ ಹಾಕುದ್ರೆ ತಿರುಗ್ತದೆ. ಅದನ್ನ ಓಡ್ಸೋದು ಅಂತಾರಾ?' ಎಂದು ನೀನು ಬಂದವರೆದುರಿಗೆಲ್ಲ ಅದರ ಮಾನ ಕಳೆದಿದ್ದೀಯ. ಪಕ್ಕದ ಮನೆ ಓಬಳಪ್ಪನವರೂ ನಿನ್ನ ಪಕ್ಷವೇ. ಅವರು ಹುಟ್ಟಿದಾಗಿನಿಂದ ಸೈಕಲ್ ಸಹ ತುಳಿದವರಲ್ಲ, ಹಾಗಾಗಿ ಕಾರಿನ ವಿಷಯದಲ್ಲಿ ಅವರ ಅಭಿಪ್ರಾಯ ಬಹಳ ಗಟ್ಟಿ. 'ಕೆಂಪಂದ್ ಬಿಟ್ಟು ಹಸ್ರಂದ್ ಇಟ್ಕಂಡ್ರೆ ಜನ ಏನಂದಾರು ಪ್ರೇಮಮ್ಮಾ?' ಎಂದು ಕಾಂಪೌಂಡಿನ ಮೇಲಿಂದ ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದಾರೆ. ನಾನು ಒಗ್ಗರಣೆ ಸೌಟು ಹಿಡಿದುಕೊಂಡು ಅವರಿಗೆ ಏನೂ ಹೇಳದೆ ನಿಂತಿದ್ದೇನೆ ಎಂದರೆ ನನ್ನ ಸ್ಥಿತಿ ನಿನಗೆ ಅರ್ಥವಾಗಬೇಕು.

ಭಾನುವಾರ ರಹೀಮ್ ಭಾಯ್‌ನನ್ನು ಕರೆಸಿ, ಶೆಡ್ಡಿನ ಬಾಗಿಲು ಮುಂದೆ ಮಾಡಿ, ಎಡಗಾಲು ಉಪಯೋಗಿಸದೆ ಎರಡೂ ಗಾಡಿ ಓಡಿಸಿ ತೋರಿಸು ಎಂದೆ. ಯಾಕೆಂದು ಈಗಲೇ ಕೇಳಬೇಡ, ಓದುತ್ತಾ ಹೋಗು. ಅವನು ಮಾತ್ರ ಕೇಳಿದ. ಹೇಳಿದೆ. ಹೆಗಲ ಮೇಲಿನ ಟವಲ್ ತೆಗೆದು ಕೊಟ್ಟು, 'ಕಟ್ಟು ಅಕ್ಕಾ, ಇಲ್ದಿದ್ರೆ ಈ ಕಾಲು ಮಾತ್ ಕೇಳಲ್ಲ' ಎಂದ. ಸೀಟಿನ ಕಾಲಿಗೆ ಅವನ ಎಡಗಾಲನ್ನು ಕರು ಕಟ್ಟಿದಂತೆ ಕಟ್ಟಿದೆ. ಮಸ್ತಾನ್ ಚಾಲೂ ಆದದ್ದೇ ಒಮ್ಮೆ ಎಗರಿ ಗೋಡೆಗೆ ಮೂತಿ ಕೊಟ್ಟು ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದ. ಇನ್ನೊಮ್ಮೆ ಗೋಡೆ. ಬಂಪರ್ ನೆಗ್ಗಿದೆ, ಬೈಯಬೇಡ. ಗೋಡೆಯದೇನು, ಹೇಗೂ ನಾಳೆ ಬೀಳುವುದು.

ಕಮರಿನಲ್ಲಿ ಅವನನ್ನು ಹಾಗೇ ಕಟ್ಟಿ ಬೀರೂರು ದಾಟಿ ಅಜ್ಜಂಪುರದ ರಸ್ತೆ ಹಿಡಿದೆವು. ನಿನ್ನ ಪರದೇಶಿ ಗಾಡಿಯ ಸ್ಟೇರಿಂಗು ಎಡಕ್ಕಿರುವುದರಿಂದ ನಮ್ಮೂರ ಲೆಕ್ಕದಲ್ಲಿ ಡ್ರೈವರು ಕೂರುವ ಜಾಗದಲ್ಲಿ ಕೈಕಟ್ಟಿ ಕೂತವಳು ನಾನು. ಎದುರಿಗೆ ಬಂದ ಲಾರಿಯವನೊಬ್ಬ ನನ್ನ ಖಾಲಿ ಕೈ ನೋಡಿ ಗಾಡಿಯನ್ನು ರಸ್ತೆಯಿಂದಲೇ ಇಳಿಸಿಬಿಟ್ಟ. ನಕ್ಕೆವು. ನಗು ಮುಗಿಯುವುದರೊಳಗೆ ಹುಲ್ಲುಗಾವಲಿನ ಕಡೆಯಿಂದ ದನಗಳ ಹಿಂಡು ರಸ್ತೆಯ ಏರಿ ಹತ್ತಿ ನೇರ ನಮ್ಮ ಮುಂದಕ್ಕೆ ಬಂತು. ರುದ್ರಾ, ಎದುರಿನ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ರಹೀಮ್ ಭಾಯ್ ಎಡಗಾಲು ಟವಲನ್ನು ಎಳೆದಾಡಿದ್ದು ಕಂಡಿತು. ಹಸಿರು ಮೂತಿ ಒಂದು ಎತ್ತಿನ ಬಾಲಕ್ಕೆ ತಾಗಿಯೂ ತಾಗದಂತೆ ನಿಂತಿತು. ಎತ್ತು ತಿರುಗಿ ನೋಡಿ ಕಾರಿಗಿಂತ ಗಾಂಭೀರ್ಯದಿಂದ ಹೋಯಿತು. 'ಕಾಲು ಕ್ಲಚ್ ಹುಡುಕ್ತು ಅಕ್ಕಾ. ಹುಡುಕಿ ಸುಮ್ನಾಯ್ತು. ಬಲಗಾಲು ಒಂದೇ ನಿಲ್ಲಿಸ್ತು' ಎಂದ. ಆಮೇಲೆ ಗಂಟು ಬಿಚ್ಚಿಸಿಕೊಂಡು ಹೋಗಿ, ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನನಗೆ ಬೆನ್ನು ಮಾಡಿ ನಿಂತಿದ್ದ. ಮಸ್ತಾನ್ ಎಂದರೆ ಅವನಿಗೂ ಜೀವ.

ಹೀಗಿದೆ ಕಥೆ. ನೀನು ಹೇಳಿದಂತೆ ಮಸ್ತಾನ್ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುವುದು ನನಗೆ ಬಲು ಸುಲಭ. ನೀನೂ ಖುಷಿ, ಓಬಳಪ್ಪನವರೂ ಖುಷಿ. ಆದರೆ ಆಮೇಲೆ? ನೀನು ಆ ಕೆಂಪು ಗಾಡಿಯನ್ನು ಒರೆಸುತ್ತ ಒರೆಸುತ್ತ ಶೆಡ್ಡಿನಲ್ಲೇ ಕೂತಿರುವುದು, ಭವ್ಯ ಅಡುಗೆಮನೆ ಕಿಟಕಿಯಿಂದ ಅದನ್ನು ನೋಡಿಯೂ ನೋಡದಂತೆ ಈರುಳ್ಳಿ ಹೆಚ್ಚುವುದು. ಅದು ನನ್ನಿಂದಾಗದು. ನೀನು ನನ್ನನ್ನು ಬೈದುಕೊಂಡಾದರೂ ಅಜ್ಜಂಪುರದವರೆಗೆ ಹೋಗಿ ಬರುವ ಹಾಗಿರಬೇಕು. ಆಗಲೇ ರೇಣುಕಪ್ರಸಾದ್ ಫೋನ್ ಮಾಡಿ, 'ಹಸ್ರು ಗಾಡಿ ತಾನೇ ಅಕ್ಕಾ, ಬದ್ಲಾಗಿಲ್ಲ ತಾನೇ?' ಎಂದ. 'ಮೊದ್ಲು ಬಾರಪ್ಪ' ಎಂದೆ. ಇನ್ನೂ ಮನಸ್ಸು ಅತ್ತ ಇತ್ತ ಹೊಯ್ದಾಡುತ್ತಲೇ ಇದೆ. ತಮ್ಮನ ಪ್ರಾಣವನ್ನು ತಮ್ಮನನ್ನು ಕೇಳದೆ ಲಾರಿ ಹತ್ತಿಸಲು ಅಕ್ಕನಾದವಳಿಗೆ ಎಷ್ಟು ಅಧಿಕಾರವಿದೆಯೋ ನನಗೆ ತಿಳಿಯದು. ಹಿಂದೆ ನಿನ್ನ ಮದುವೆಯನ್ನೂ ನಾನೇ ಗೊತ್ತು ಮಾಡಿದ್ದು ಎಂಬ ಧೈರ್ಯ ಒಂದಿದೆ, ಅಷ್ಟೇ.

ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡ. ಸ್ವಾಮಿ ನಿನಗೆ ಬಲ ಕೊಡಲಿ, ಅವನ ಹತ್ತಿರ ಮಿಕ್ಕಿದ್ದರೆ ಒಂದಿಷ್ಟು ತಾಳ್ಮೆಯನ್ನೂ ಕೊಡಲಿ. ನೂರು ವರ್ಷ ಬಾಳು, ಅಷ್ಟೂ ವರ್ಷ ನನ್ನ ಮೇಲೆ ಸಿಟ್ಟಾಗಿದ್ದರೂ ಚಿಂತೆಯಿಲ್ಲ.

ನಿನ್ನ ಅಕ್ಕ,
ಪ್ರೇಮಮ್ಮ

ಮರೆತ ಮಾತು: ಲಾರಿ ಬಂತು, ಹೋಯಿತು. ಮಸ್ತಾನನ್ನು ಕೊಟ್ಟುಬಿಟ್ಟೆ. ಈ ಕಾಗದವನ್ನು ರಹೀಮ್ ಭಾಯ್ ಸಂಜೆ ರೈಲಿಗೆ ತರುತ್ತಾನೆ, ಅವನು ಬಾಗಿಲಲ್ಲಿ ನಿಂತಿದ್ದಾನೆ, ಅದಕ್ಕೇ ಬೇಗ ಬೇಗ ಹೇಳುತ್ತೇನೆ. ನಿನ್ನ ಮೂಳೆ ಕೂಡುತ್ತದೆ ರುದ್ರಾ, ನರ ಕೂಡುವುದಿಲ್ಲ. ಕೋಲು ಹಿಡಿದು ನಡೆಯುತ್ತೀಯ, ಆದರೆ ಎಡಗಾಲಿಗೆ ಮೊದಲಿನ ಬಲ ಬರುವುದಿಲ್ಲ. ಕ್ಲಚ್ ತುಳಿಯಬಹುದಾ ಎಂದು ಡಾಕ್ಟರನ್ನು ನಾನೇ ಬಾಯಿಬಿಟ್ಟು ಕೇಳಿದೆ. 'ಇಲ್ಲಮ್ಮ' ಎಂದರು. ಇದನ್ನು ನಿನಗೆ ಹೇಳಲಾಗದೆ ಭವ್ಯ ಹೋದ ವಾರದಿಂದ ಒಬ್ಬಳೇ ನುಂಗಿಕೊಂಡಿದ್ದಾಳೆ. ನೀನು ಓದಿ ಮುಗಿಸುವವರೆಗೂ ಒಳಗೆ ಬರಬೇಡ ಎಂದು ಅವಳಿಗೆ ಹೇಳಿದ್ದೇನೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಕೂಗಾಡಬೇಕೆನಿಸಿದರೆ ನನಗೆ ಫೋನ್ ಮಾಡಿ ಕೂಗಾಡು, ಇವತ್ತು ಮಧ್ಯೆ ಮಾತಾಡುವುದಿಲ್ಲ. ಅವಳನ್ನು ಮಾತ್ರ ಮೆಲ್ಲಗೆ ಒಳಗೆ ಕರೆ.