ಪಿತ್ತನಾಳದ ಅಗಲ

ಅಪ್ಪಾ,

ದಿನಾ ಬೆಳಿಗ್ಗೆ ರೋಗಿಗಳು ಬರುವ ಮೊದಲು ಸ್ಕ್ಯಾನಿಂಗ್ ಯಂತ್ರವನ್ನು ನನ್ನ ಹೊಟ್ಟೆಯ ಮೇಲೆಯೇ ಪರೀಕ್ಷಿಸುತ್ತೇನೆ. ಲಿವರ್ ಕಂಡರೆ ಸಾಕು, ಜೆಲ್ ಒರೆಸಿಕೊಂಡು ಏಳುತ್ತೇನೆ. ಪಿತ್ತ ಕಟ್ಟಿಕೊಂಡರೆ ಮೈ ತುರಿಸುತ್ತದೆ; ವಾರದಿಂದ ತುರಿಕೆ ಇದ್ದುದರಿಂದ ಇವತ್ತು ಅದರ ಕೆಳಗೂ ನೋಡಿದೆ. ಲಿವರ್‌ನಿಂದ ಕರುಳಿಗೆ ಪಿತ್ತ ಇಳಿಸುವ ನಾಳ ತೆಳ್ಳಗಿರಬೇಕು. ಕಿರುಬೆರಳಿಗಿಂತ ದಪ್ಪಗೆ ಊದಿತ್ತು. ಕೆಳಗೆಲ್ಲೋ ಏನೋ ಅಡ್ಡ ಕೂತಿದೆ, ಗಡ್ಡೆಯೇ ಇರಬೇಕು. ಮೂರು ಸಲ ಅಳೆದೆ.

ನರ್ಸ್ ಅಕ್ಕ ಬಾಗಿಲಲ್ಲೇ ನಿಂತು, "ಯಾಕೆ ಮುಖ ಬಿಳುಚಿಕೊಂಡಿದೆ? ಏನಾದ್ರೂ ಕಾಣಿಸ್ತಾ?" ಎಂದಳು.

"ಏನಿಲ್ಲಕ್ಕ, ಬರೀ ಗ್ಯಾಸು."

ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಇದೇ ಮಂಚದ ಮೇಲೆ, ಇಂಥದ್ದೇ ನಾಳ ನೋಡಿ, ನಿಮಗೂ ಇದನ್ನೇ ಹೇಳಿದ್ದೆ. ನೀವು ನಗುತ್ತಾ ಶರ್ಟಿನ ಗುಂಡಿ ಹಾಕಿಕೊಂಡಿರಿ: "ನೀನೇ ಹೇಳಿದ ಮೇಲೆ ಮುಗೀತು ಬಿಡಮ್ಮ."

ಅಕ್ಕ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳು ನಂಬಲಿಲ್ಲ.

ಅವತ್ತು ನೀವು ನಂಬಿದ್ದಿರಾ, ಅಪ್ಪಾ?